ಬೋರ್ಡ್ ಗೇಮ್ ಸಿನಿಮಾ: ಯಾರ ಜೊತೆ ಕೂತಾಗ ಯಾವುದನ್ನು ಹಾಕಬೇಕು?

ಹೋದ ವಾರ ಅಕ್ಕ ಫೋನ್ ಮಾಡಿದಳು. "ಅದೇನೋ ಬೋರ್ಡ್ ಗೇಮ್ ಮೇಲೆ ಮಾಡಿದ ಇಂಗ್ಲಿಷ್ ಸಿನಿಮಾಗಳಿವೆಯಂತಲ್ಲ, ಅದರಲ್ಲಿ ಒಂದು ಹೇಳು. ನಾನು, ನಿಮ್ಮ ಭಾವ, ಅಪ್ಪ ಮೂರೂ ಜನ ಕೂತು ನೋಡಬೇಕು, ಮಧ್ಯದಲ್ಲಿ ಯಾರೂ ಎದ್ದು ಹೋಗಬಾರದು" ಅಂದಳು. ಅದಕ್ಕೂ ಮುಂಚೆ ಪಕ್ಕದ ಮನೆಯವರು ಕೇಳಿದ್ದರು. ಅವರಿಗೆ ಏಳು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳು, ರಜೆ ಪೂರ್ತಿ ಲೂಡೋ ಆಡಿ ಕಿತ್ತಾಡಿ ಈಗ ಬೇರೇನಾದರೂ ಬೇಕು ಅಂತ ಪೀಡಿಸುತ್ತಿದ್ದಾರೆ. ಮೂರನೆಯವನು ಹಾಸ್ಟೆಲ್‌ನಲ್ಲಿರುವ ಹುಡುಗ. ಶನಿವಾರ ರಾತ್ರಿ ಅವನ ರೂಮಿನಲ್ಲಿ ಎಂಟು ಜನ ಸೇರುತ್ತಾರೆ, ಒಂದೇ ಲ್ಯಾಪ್‌ಟಾಪ್.

ಮೂರೂ ಕಡೆಗೆ ಒಂದೇ ಸಿನಿಮಾ ಹೇಳೋಕೆ ಆಗಲ್ಲ. ಹಾಗಾಗಿ ನೋಡಿದ್ದನ್ನೆಲ್ಲ ಒಟ್ಟಿಗೆ ಹಾಕಿ ತೂಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಆಟದಿಂದ ಸಿನಿಮಾ ಮಾಡುವುದು ಕಾದಂಬರಿಯಿಂದ ಸಿನಿಮಾ ಮಾಡಿದ ಹಾಗಲ್ಲ. ಚೌಕಾಬಾರದ ಮನೆಗಳಲ್ಲಿ ಕಥೆ ಎಲ್ಲಿದೆ ಹೇಳಿ? ಕಥೆ ಇರುವುದು ಸುತ್ತ ಕೂತವರಲ್ಲಿ. ಇನ್ನೇನು ಕಾಯಿ ಹಣ್ಣಾಗಬೇಕು ಅನ್ನುವಾಗ ಅತ್ತೆ ಬಂದು ಹೊಡೆದು ಕಳಿಸುತ್ತಾರಲ್ಲ, ಆಗಿನ ಮುಖದಲ್ಲಿದೆ. ಹಾಲಿವುಡ್‌ಗೆ ಇದು ಅರ್ಥವಾದ ಕಡೆ ಸಿನಿಮಾ ಚೆನ್ನಾಗಿದೆ, ಆಗದ ಕಡೆ ಡಬ್ಬದ ಮೇಲಿನ ಹೆಸರು ಮಾತ್ರ ಪರದೆಗೆ ಬಂದಿದೆ. 2008ರಲ್ಲಿ ಯೂನಿವರ್ಸಲ್ ಸ್ಟುಡಿಯೋ ಮತ್ತು ಆಟಿಕೆ ಕಂಪನಿ ಹ್ಯಾಸ್‌ಬ್ರೋ ಒಂದು ದೊಡ್ಡ ಒಪ್ಪಂದ ಮಾಡಿಕೊಂಡವು. ಮೊನೋಪೊಲಿ, ಕ್ಯಾಂಡಿ ಲ್ಯಾಂಡ್, ಬ್ಯಾಟಲ್‌ಶಿಪ್, ವೀಜಾ (Ouija, ಸತ್ತವರನ್ನು ಮಾತಾಡಿಸುತ್ತದೆ ಅನ್ನುವ ಅಕ್ಷರಗಳ ಹಲಗೆ) ಎಲ್ಲ ಆ ಪಟ್ಟಿಯಲ್ಲಿದ್ದವು. ಪಟ್ಟಿಯಿಂದ ಥಿಯೇಟರ್‌ವರೆಗೆ ಬಂದಿದ್ದು ಬ್ಯಾಟಲ್‌ಶಿಪ್ ಮತ್ತು ವೀಜಾ. ಮೊನೋಪೊಲಿ ಕೈಯಿಂದ ಕೈಗೆ ಹೋಗ್ತಾನೇ ಇದೆ, ಆ ಆಟದ ನೋಟಿನ ಹಾಗೇ.

ಈಗ ಅಳತೆಗೋಲು. ನಾನು ನಾಲ್ಕು ವಿಷಯ ನೋಡುತ್ತೇನೆ. ಆಟ ಗೊತ್ತಿಲ್ಲದವರಿಗೂ ಸಿನಿಮಾ ಅರ್ಥವಾಗುತ್ತಾ? ಪಕ್ಕದಲ್ಲಿ ಯಾರು ಕೂತಿರುತ್ತಾರೆ, ಮಕ್ಕಳಾ, ಹಿರಿಯರಾ, ಗೆಳೆಯರಾ? ಎಷ್ಟು ಹೊತ್ತು, ಎಷ್ಟು ದುಡ್ಡು? ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು: ನೋಡುವಾಗ ಆಟ ಆಡಿದ ಹಾಗೆ ಅನಿಸುತ್ತಾ?

ದುಡ್ಡಿನ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಈ ಸಿನಿಮಾಗಳು ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರುತ್ತವೆ. ಹಾಗಾಗಿ ಒಂದೇ ಸಿನಿಮಾಗೆ ಅಂತ ಹೊಸ ಚಂದಾ ಕಟ್ಟಬೇಡಿ. ನೀವು ಆಗಲೇ ದುಡ್ಡು ಕಟ್ಟಿರುವ ಕಡೆ ಹುಡುಕಿ, ಇಲ್ಲದಿದ್ದರೆ ಬಾಡಿಗೆಗೆ ತಗೊಳ್ಳಿ. ಸಿನಿಮಾ ಮುಗಿದ ಮೇಲೆ ಮಕ್ಕಳು "ಆ ಆಟ ತಗೊಡಿ" ಅಂತ ಹಠ ಹಿಡಿಯುತ್ತಾರೆ, ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ.

ಕ್ಲೂ (1985)

ಕ್ಲೂಡೋ ಆಟ ನಿಮಗೆ ಗೊತ್ತಿರಬಹುದು. ದೊಡ್ಡ ಬಂಗಲೆ, ಒಂದು ಕೊಲೆ. ಆರು ಜನರಲ್ಲಿ ಯಾರು, ಆರು ಆಯುಧಗಳಲ್ಲಿ ಯಾವುದು, ಒಂಬತ್ತು ಕೋಣೆಗಳಲ್ಲಿ ಎಲ್ಲಿ ಅಂತ ಕಂಡುಹಿಡಿಯಬೇಕು. ಒಟ್ಟು 324 ಸಾಧ್ಯತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಂಥೊನಿ ಪ್ರ್ಯಾಟ್ ಎಂಬಾತ ಇದನ್ನು ಕಟ್ಟಿದ, 1949ರಲ್ಲಿ ಮಾರುಕಟ್ಟೆಗೆ ಬಂತು. ಅಮೆರಿಕದಲ್ಲಿ ಇದರ ಹೆಸರು ಕ್ಲೂ.

ಸಿನಿಮಾ ಮಾಡಿದ್ದು ಜೊನಾಥನ್ ಲಿನ್, 'ಯೆಸ್ ಮಿನಿಸ್ಟರ್' ಎಂಬ ಬ್ರಿಟಿಷ್ ಟಿವಿ ಹಾಸ್ಯ ಸರಣಿ ಬರೆದ ಇಬ್ಬರಲ್ಲಿ ಒಬ್ಬರು. ಹಾಗಾಗಿ ಮಾತು ಬಲು ಚುರುಕು. 1954ರ ಮಳೆಯ ರಾತ್ರಿ, ಆರು ಅತಿಥಿಗಳು ಸುಳ್ಳು ಹೆಸರಿನಲ್ಲಿ ಬರುತ್ತಾರೆ, ಎಲ್ಲರನ್ನೂ ಒಬ್ಬನೇ ಬ್ಲ್ಯಾಕ್‌ಮೇಲ್ ಮಾಡುತ್ತಿರುತ್ತಾನೆ. ಒಬ್ಬೊಬ್ಬರ ಕೈಗೂ ಕಾಗದ ಸುತ್ತಿದ ಒಂದೊಂದು ಉಡುಗೊರೆ. ಬಿಚ್ಚಿದರೆ ಒಳಗೆ ಹಗ್ಗ, ಚಾಕು, ಮೇಣದಬತ್ತಿಯ ಕಂಬ, ಸೀಸದ ಪೈಪು, ಸ್ಪ್ಯಾನರ್, ರಿವಾಲ್ವರ್. ಆಟದ ಡಬ್ಬದಲ್ಲಿರುವ ಅದೇ ಆರು. ಆಮೇಲೆ ದೀಪ ಆರುತ್ತದೆ.

ಇದರ ಹುಚ್ಚು ಸಾಹಸ ಏನಂದ್ರೆ ಮೂರು ಕ್ಲೈಮ್ಯಾಕ್ಸ್. ಬಿಡುಗಡೆಯಾದಾಗ ಒಂದೊಂದು ಥಿಯೇಟರ್‌ಗೆ ಒಂದೊಂದು ಕಳಿಸಿದರು. ಒಂದು ಟಾಕೀಸಿನಲ್ಲಿ ಕೊಲೆಗಾರ ಒಬ್ಬ, ಇನ್ನೊಂದರಲ್ಲಿ ಮತ್ತೊಬ್ಬ. ಜನ ಮೂರೂ ಸಲ ಟಿಕೆಟ್ ತಗೊಳ್ಳುತ್ತಾರೆ ಅನ್ನೋ ಲೆಕ್ಕ ಇತ್ತೇನೋ, ಆದರೆ ಜನ ಯಾವುದಕ್ಕೆ ಹೋಗೋದು ಅಂತ ತಿಳಿಯದೆ ಮನೆಯಲ್ಲೇ ಉಳಿದರು ಅಂತ ಕಾಣುತ್ತದೆ. ಒಂದೂವರೆ ಕೋಟಿ ಡಾಲರ್ ಹಾಕಿದ ಸಿನಿಮಾ ಟಿಕೆಟ್ ಮಾರಾಟದಲ್ಲಿ ಅಷ್ಟನ್ನೂ ಮುಟ್ಟಲಿಲ್ಲ. ಆಮೇಲೆ ಟಿವಿಯಲ್ಲಿ, ವಿಡಿಯೋ ಕ್ಯಾಸೆಟ್‌ನಲ್ಲಿ ಮೂರೂ ಕ್ಲೈಮ್ಯಾಕ್ಸ್ ಸಾಲಾಗಿ ಬಂದಾಗ ಜನರಿಗೆ ಹುಚ್ಚು ಹಿಡಿಯಿತು. ಈಗ ಸಿಗುವುದೂ ಹಾಗೇ, ಒಂದು ಮುಗಿದ ಮೇಲೆ "ಹೀಗೂ ಆಗಿರಬಹುದಿತ್ತು" ಅನ್ನುವಂಥ ಒಂದು ಬರಹ ಬಂದು ಇನ್ನೊಂದು ಶುರುವಾಗುತ್ತದೆ. ಟಾಕೀಸಿನಲ್ಲಿ ಗೊಂದಲ ಮಾಡಿದ್ದೇ ಮನೆಯಲ್ಲಿ ಮಜಾ ಕೊಟ್ಟಿತು. ಯಾಕೆಂದರೆ ಆಟವೂ ಹಾಗೇ ಅಲ್ವಾ, ಪ್ರತಿ ಸಲ ಕೊಲೆಗಾರ ಬೇರೆ.

ಕೊನೆಯ ಭಾಗದಲ್ಲಿ ಬಟ್ಲರ್ ವಾಡ್ಸ್‌ವರ್ತ್ ಆಗಿರುವ ಟಿಮ್ ಕರಿ ಆವತ್ತಿನ ರಾತ್ರಿ ನಡೆದಿದ್ದನ್ನೆಲ್ಲ ಮೊದಲಿನಿಂದ ಮತ್ತೆ ಅಭಿನಯಿಸಿ ತೋರಿಸುತ್ತಾನೆ. ಹಾಲ್‌ನಿಂದ ಊಟದ ಕೋಣೆಗೆ, ಅಲ್ಲಿಂದ ಅಡುಗೆಮನೆಗೆ, ಮತ್ತೆ ಹಾಲ್‌ಗೆ ಏದುಸಿರು ಬಿಡುತ್ತಾ ಓಡುತ್ತಾನೆ. ಉಳಿದವರೆಲ್ಲ ಕುರಿಹಿಂಡಿನ ಹಾಗೆ ಅವನ ಹಿಂದೆ ಓಡುತ್ತಾರೆ. ಬೋರ್ಡಿನ ಮೇಲೆ ಕಾಯಿ ನಡೆಸುವುದನ್ನು ಇಷ್ಟು ಚೆನ್ನಾಗಿ ಪರದೆಗೆ ತಂದಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ತೊಂದರೆ ಎರಡು. ಇಂಗ್ಲಿಷ್ ಮಾತು ತುಂಬಾ ಫಾಸ್ಟ್, ಸಬ್‌ಟೈಟಲ್ ಹಾಕಿಕೊಳ್ಳಲೇಬೇಕು. ಮತ್ತೆ ದೊಡ್ಡವರ ಜೋಕುಗಳಿವೆ, ಮನೆಗೆಲಸದ ಹುಡುಗಿಯನ್ನು ತೋರಿಸುವ ರೀತಿ ಈಗ ಹಳೇದು ಅನಿಸುತ್ತದೆ. ಚಿಕ್ಕ ಮಕ್ಕಳಿಗೆ ಅರ್ಧ ತಲೆಗೇ ಹತ್ತಲ್ಲ. ಹೊತ್ತು ಮಾತ್ರ ಕಡಿಮೆ, ಒಂದೂವರೆ ಗಂಟೆ ಚಿಲ್ಲರೆ.

ಬ್ಯಾಟಲ್‌ಶಿಪ್ (2012)

ನನಗೆ ಇದರ ಮೇಲೆ ಸ್ವಲ್ಪ ಕೋಪವಿದೆ, ಆದರೂ ನ್ಯಾಯವಾಗಿ ಹೇಳಲು ನೋಡುತ್ತೇನೆ. ಆಟ ತುಂಬಾ ಸರಳ. ಇಬ್ಬರು, ಮಧ್ಯೆ ಅಡ್ಡಗೋಡೆ, ಇಬ್ಬರಿಗೂ ಚೌಕಳಿ. ನೀನು "ಬಿ 4" ಅಂತೀಯ, ನಾನು "ಇಲ್ಲ" ಅಂತೀನಿ. ಎದುರಿನವನ ಹಡಗು ಕಾಣಿಸುವುದೇ ಇಲ್ಲ, ಅದೇ ಆಟದ ಜೀವ.

ಇದಕ್ಕೆ ನಿರ್ದೇಶಕ ಪೀಟರ್ ಬರ್ಗ್ ಅನ್ಯಗ್ರಹದವರನ್ನು ತಂದರು. ಹವಾಯಿ ಹತ್ತಿರ ನೌಕಾಪಡೆಗಳ ಕವಾಯತು ನಡೆಯುವಾಗ ಬಾಹ್ಯಾಕಾಶದಿಂದ ಹಡಗುಗಳು ಬಂದು ಬೀಳುತ್ತವೆ. 20 ಕೋಟಿ ಡಾಲರ್‌ಗೂ ಮೇಲೆ ಖರ್ಚಾಯಿತು. ಪ್ರಪಂಚದ ಮಾರುಕಟ್ಟೆ ಎಲ್ಲ ಸೇರಿ ಬಂದಿದ್ದು ಸುಮಾರು 30 ಕೋಟಿ. ಕೇಳೋಕೆ ಲಾಭದ ಹಾಗಿದೆ, ಆದರೆ ಟಿಕೆಟ್ ದುಡ್ಡಲ್ಲಿ ದೊಡ್ಡ ಪಾಲು ಥಿಯೇಟರ್‌ಗೆ ಹೋಗುತ್ತದೆ, ಪ್ರಚಾರದ ಖರ್ಚು ಬೇರೆ. ಹಾಗಾಗಿ ಸೋಲು. ಗಾಯಕಿ ರಿಹಾನಾ ಇದ್ದಾರೆ, ಲಿಯಮ್ ನೀಸನ್ ಇದ್ದಾರೆ. ಪೋಸ್ಟರ್ ನೋಡಿ ನೀಸನ್‌ಗಾಗಿ ಕೂತರೆ ಮೋಸ ಹೋಗುತ್ತೀರಿ, ಪಾತ್ರ ಅಷ್ಟೇ ಅಷ್ಟು.

ಆದರೂ ಮಧ್ಯದಲ್ಲಿ ಒಂದು ದೃಶ್ಯ ಇದೆ. ರಾತ್ರಿ, ರೇಡಾರ್‌ಗೆ ಶತ್ರು ಹಡಗು ಕಾಣುತ್ತಿಲ್ಲ. ಆಗ ಜಪಾನಿ ಕ್ಯಾಪ್ಟನ್ ನಗಾಟಾ ಒಂದು ಉಪಾಯ ಹೇಳುತ್ತಾನೆ. ದ್ವೀಪಗಳ ಸುತ್ತ ಸುನಾಮಿ ಎಚ್ಚರಿಕೆಗೆ ಅಂತ ನೀರಲ್ಲಿ ತೇಲಿಬಿಟ್ಟ ಸಾಧನಗಳಿವೆ, ಹಡಗು ಹಾದುಹೋದರೆ ನೀರು ಕದಲುತ್ತದೆ, ಅದನ್ನು ನೋಡಿ ಹಡಗು ಎಲ್ಲಿದೆ ಅಂತ ಅಂದಾಜು ಮಾಡಬಹುದು. ಪರದೆಯ ಮೇಲೆ ಚೌಕಳಿ ಮೂಡುತ್ತದೆ. ಒಂದು ಅಕ್ಷರ, ಒಂದು ಅಂಕಿ, ಗುಂಡು. ತಪ್ಪಿತು. ಇನ್ನೊಂದು. ಅದೂ ತಪ್ಪಿತು. ಎಲ್ಲರೂ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಆ ಹತ್ತು ನಿಮಿಷ ಪಕ್ಕಾ ಆಟ! ಎರಡು ಗಂಟೆ ಮೇಲೆ ಹತ್ತು ನಿಮಿಷದ ಸಿನಿಮಾದಲ್ಲಿ ಇದೊಂದಕ್ಕೇ ಕಾಯಬೇಕಲ್ಲ ಅನ್ನೋದೇ ನನ್ನ ಗೋಳು.

ಯಾರಿಗೆ ಸರಿ? ಎಂಟು ಜನ ಸೇರಿ ಕೂಗಾಡುತ್ತಾ, ಕಾಲೆಳೆಯುತ್ತಾ ನೋಡುವವರಿಗೆ ಸರಿ. ಕೊನೆಯಲ್ಲಿ ಮ್ಯೂಸಿಯಂ ಆಗಿ ನಿಂತಿದ್ದ ಮಿಸೌರಿ ಯುದ್ಧನೌಕೆಯನ್ನು ನಿವೃತ್ತ ಅಜ್ಜಂದಿರು ಮತ್ತೆ ಓಡಿಸುತ್ತಾರೆ. 1945ರಲ್ಲಿ ಜಪಾನ್ ಶರಣಾಗತಿಗೆ ಸಹಿ ಹಾಕಿದ್ದು ಅದೇ ಹಡಗಿನ ಮೇಲೆ. ಆಗ ಶಿಳ್ಳೆ ಹೊಡೆಯದಿದ್ದರೆ ಕೇಳಿ. ಒಬ್ಬರೇ ಕೂತು ನೋಡುವುದಕ್ಕೆ ಬೇಡ. ಇನ್ನು ಆಟಕ್ಕೆ ಒಂದು ರೂಪಾಯಿ ಖರ್ಚೂ ಬೇಕಿಲ್ಲ. ಪ್ಲಾಸ್ಟಿಕ್ ಡಬ್ಬ ಬರುವುದಕ್ಕೆ ಎಷ್ಟೋ ವರ್ಷ ಮುಂಚೆ ಇದನ್ನು ಪೆನ್ಸಿಲ್, ಕಾಗದದಲ್ಲೇ ಆಡುತ್ತಿದ್ದರು. ಗಣಿತದ ಚೌಕಳಿ ಪುಸ್ತಕದಿಂದ ಎರಡು ಹಾಳೆ ಹರಿದರೆ ಸಾಕು.

ವೀಜಾ: ಒರಿಜಿನ್ ಆಫ್ ಈವಿಲ್ (2016)

ಇದರಲ್ಲಿ ಎರಡು ಸಿನಿಮಾ ಇವೆ, ಗಲಿಬಿಲಿ ಮಾಡಿಕೊಳ್ಳಬೇಡಿ. 2014ರ ಮೊದಲನೆಯದು ಬರೀ 50 ಲಕ್ಷ ಡಾಲರ್‌ನಲ್ಲಿ ಮಾಡಿ 10 ಕೋಟಿ ದುಡಿದ ಸಿನಿಮಾ, ಸಪ್ಪೆ. ಬ್ಯಾಟಲ್‌ಶಿಪ್‌ನ ಲೆಕ್ಕ ಪಕ್ಕದಲ್ಲಿಟ್ಟು ನೋಡಿದರೆ ನಗು ಬರುತ್ತದೆ. ಎರಡನೆಯದನ್ನು ಮೈಕ್ ಫ್ಲ್ಯಾನಗನ್ ಮಾಡಿದ್ದಾರೆ, ಕಥೆ ಮೊದಲಿನದಕ್ಕಿಂತ ಹಿಂದಿನದು, ಹಾಗಾಗಿ ನೇರ ಇದನ್ನೇ ನೋಡಬಹುದು.

1967ರ ಲಾಸ್ ಏಂಜಲೀಸ್. ಗಂಡ ತೀರಿಕೊಂಡ ಒಬ್ಬ ತಾಯಿ ಸತ್ತವರ ಜೊತೆ ಮಾತಾಡಿಸುತ್ತೇನೆ ಅಂತ ಜನರನ್ನು ನಂಬಿಸಿ ಸಂಸಾರ ಸಾಗಿಸುತ್ತಿದ್ದಾಳೆ. ಹೆಣ್ಣುಮಕ್ಕಳಿಬ್ಬರೂ ಆ ನಾಟಕದಲ್ಲಿ ಸಹಾಯಕರು. ವ್ಯಾಪಾರಕ್ಕೆ ಹೊಸ ಸಾಮಾನು ಇರಲಿ ಅಂತ ವೀಜಾ ಬೋರ್ಡ್ ತರುತ್ತಾಳೆ. ಅಲ್ಲಿಂದ ಕೆಡುತ್ತದೆ. ಹಳೇ ಕಾಲದ ಯೂನಿವರ್ಸಲ್ ಲಾಂಛನ, ರೀಲು ಬದಲಾಗುವಾಗ ಮೂಲೆಯಲ್ಲಿ ಕಾಣುತ್ತಿದ್ದ ಚುಕ್ಕೆ, ಎಲ್ಲವನ್ನೂ ಬೇಕಂತಲೇ ಹಾಕಿದ್ದಾರೆ. ಒಂದು ಕಡೆ ಚಿಕ್ಕ ಮಗಳು ಡೋರಿಸ್ ಅಕ್ಕನ ಗೆಳೆಯನ ಎದುರು ಕೂತು, ಕತ್ತು ಹಿಸುಕಿದರೆ ಮೈಗೆ ಹೇಗಾಗುತ್ತದೆ ಅಂತ ಸ್ಕೂಲಿನ ಪಾಠ ಒಪ್ಪಿಸುವ ಹಾಗೆ, ನಗುಮುಖದಲ್ಲಿ ವಿವರಿಸುತ್ತಾಳೆ. ರಕ್ತ ಇಲ್ಲ, ಸದ್ದಿಲ್ಲ. ನಾನು ಎದ್ದು ಲೈಟ್ ಹಾಕಿಕೊಂಡೆ.

ಮಕ್ಕಳಿರುವ ಮನೆಗೆ ಖಂಡಿತ ಬೇಡ. ಆಟ ಗೊತ್ತಿರಬೇಕಾಗಿಯೂ ಇಲ್ಲ. ದೆವ್ವದ ಸಿನಿಮಾ ಇಷ್ಟಪಡುವವರು ಕಣ್ಣುಮುಚ್ಚಿ ಆರಿಸಿಕೊಳ್ಳಿ, ಆಮೇಲೆ ಬೇಕಾದರೆ ಬೆರಳ ಸಂದಿಯಿಂದ ನೋಡಿ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಆನರ್ ಅಮಾಂಗ್ ಥೀವ್ಸ್ (2023)

ಇದಕ್ಕೆ ಬೋರ್ಡೇ ಇಲ್ಲವಲ್ಲ ಅಂತ ತಕರಾರು ತೆಗೆಯುವವರಿದ್ದಾರೆ. ಸರಿಯೇ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಈ ಆಟದಲ್ಲಿ ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಪಾತ್ರಗಳಾಗುತ್ತಾರೆ, ಮಾಡಿದ ಕೆಲಸ ಗೆದ್ದಿತೋ ಕೆಟ್ಟಿತೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತದೆ. ಆದರೂ ಮೇಜಿನ ಸುತ್ತ ಕೂತು ಆಡುವ ಆಟವೇ, ಅದಕ್ಕೇ ಸೇರಿಸಿದೆ. 2000ದಲ್ಲಿ ಇದೇ ಆಟದ ಮೇಲೆ ಬಂದ ಸಿನಿಮಾವನ್ನು ಮಾತ್ರ ಮುಟ್ಟಬೇಡಿ.

ಹೊಸದರಲ್ಲಿ ಕ್ರಿಸ್ ಪೈನ್ ಒಬ್ಬ ಹಾಡುಗಾರ ಕಳ್ಳ. ಅವನ ಕೆಲಸ ಪ್ಲಾನ್ ಮಾಡುವುದು, ಪ್ಲಾನ್ ಕೆಟ್ಟರೆ ಇನ್ನೊಂದು ಪ್ಲಾನ್ ಮಾಡುವುದು. ಒಂದು ಕಡೆ ಹಳೇ ಸೇತುವೆ ದಾಟಬೇಕು. ಹೇಗೆ ಹೆಜ್ಜೆ ಇಡಬೇಕು ಅಂತ ಗಂಭೀರ ವೀರನೊಬ್ಬ ಉದ್ದುದ್ದ ನಿಯಮ ವಿವರಿಸುತ್ತಿರುತ್ತಾನೆ. ಅಷ್ಟರಲ್ಲಿ ಮಂತ್ರವಾದಿ ಹುಡುಗ ಸುಮ್ನೆ ಕಾಲಿಡುತ್ತಾನೆ, ಸೇತುವೆ ಪೂರ್ತಿ ಕುಸಿಯುತ್ತದೆ. ಕಥೆ ಹೇಳುವವನು ರಾತ್ರಿಯೆಲ್ಲ ಕೂತು ಕಟ್ಟಿದ ಒಗಟನ್ನು ಆಡುವವರು ಹಾಳುಮಾಡುವುದು ಹೀಗೇ. ಇನ್ನೊಂದು ಕಡೆ ಸ್ಮಶಾನದಲ್ಲಿ ಹೆಣಗಳನ್ನು ಎಬ್ಬಿಸಿ ಪ್ರಶ್ನೆ ಕೇಳುತ್ತಾರೆ, ಒಂದು ಹೆಣಕ್ಕೆ ಐದೇ ಪ್ರಶ್ನೆ. ಇವರು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದೂ ಪ್ರಶ್ನೆಯ ಲೆಕ್ಕಕ್ಕೆ ಸೇರಿಹೋಗುತ್ತದೆ! ಆಟ ಆಡದವರಿಗೂ ನಗು ಬರುತ್ತದೆ, ಆಡಿದವರು ಬಿದ್ದು ಬಿದ್ದು ನಗುತ್ತಾರೆ.

15 ಕೋಟಿ ಡಾಲರ್ ಸುರಿದು ಸುಮಾರು 21 ಕೋಟಿ ತಂದಿತು, ಅಂದರೆ ಇದೂ ಗೆಲ್ಲಲಿಲ್ಲ. ಬೇಜಾರಿನ ವಿಷಯ. ಅಡ್ಡಿ ಅಂದರೆ ಎರಡೂಕಾಲು ಗಂಟೆ ಉದ್ದ, ಮೊದಲ ಇಪ್ಪತ್ತು ನಿಮಿಷ ಊರು, ಕುಲ, ಮಾಂತ್ರಿಕರ ಹೆಸರುಗಳು ದಂಡಿಯಾಗಿ ಬರುತ್ತವೆ. ನೆನಪಿಟ್ಟುಕೊಳ್ಳುವ ಗೋಜಿಗೆ ಹೋಗಬೇಡಿ, ಏನೂ ನಷ್ಟವಿಲ್ಲ. ಹತ್ತು ವರ್ಷ ಮೇಲ್ಪಟ್ಟ ಮಕ್ಕಳಿಗೆ ಆಗಬಹುದು. ಆಟ ಶುರುಮಾಡಲು ಮೂಲ ನಿಯಮಗಳು ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ, ದಾಳಗಳನ್ನಷ್ಟೇ ಕೊಳ್ಳಬೇಕು. ಜಾಸ್ತಿ ಖರ್ಚಾಗುವುದು ಸಮಯ. ಒಂದು ಕಥೆ ತಿಂಗಳುಗಟ್ಟಲೆ ನಡೆಯುತ್ತದೆ.

ಜುಮಾಂಜಿ (1995) ಮತ್ತು ಜತೂರಾ (2005)

ಇವೆರಡೂ ನಿಜವಾದ ಆಟದಿಂದ ಬಂದವಲ್ಲ. ಕ್ರಿಸ್ ವ್ಯಾನ್ ಆಲ್ಸ್‌ಬರ್ಗ್ ಬರೆದ ಮಕ್ಕಳ ಚಿತ್ರಪುಸ್ತಕಗಳಿಂದ ಬಂದವು. ಇಲ್ಲದ ಆಟವನ್ನು ಕಟ್ಟಿದವರೇ ಇರುವ ಆಟ ಕೊಂಡವರಿಗಿಂತ ಚೆನ್ನಾಗಿ ಆಟ ತೋರಿಸಿದರು ಅನ್ನೋದು ತಮಾಷೆ. ಸರದಿ ಬಂದಾಗ ಆಡಲೇಬೇಕು, ಏನು ಬರುತ್ತದೋ ಗೊತ್ತಿಲ್ಲ, ಆದರೆ ನಿಲ್ಲಿಸುವ ಹಾಗಿಲ್ಲ. ಆಟ ಮುಗಿಸಿದರೆ ಮಾತ್ರ ಬಂದದ್ದೆಲ್ಲ ವಾಪಸ್ ಹೋಗುತ್ತದೆ. ಸೋಲುತ್ತಿರುವ ಮಗು ಬೋರ್ಡ್ ಎತ್ತಿ ಎಸೆಯುವ ದಾರಿಯನ್ನೇ ಮುಚ್ಚಿಬಿಟ್ಟಿದ್ದಾರೆ.

ಜುಮಾಂಜಿಯಲ್ಲಿ ರಾಬಿನ್ ವಿಲಿಯಮ್ಸ್. 1969ರಲ್ಲಿ ಆಟದೊಳಗೆ ಸಿಕ್ಕಿಬಿದ್ದ ಹುಡುಗ 26 ವರ್ಷ ಬಿಟ್ಟು ಗಡ್ಡ ಬಿಟ್ಟುಕೊಂಡು ಹೊರಗೆ ಬರುತ್ತಾನೆ. ಅಡುಗೆಮನೆ ತುಂಬಾ ಮಂಗಗಳು, ಗೋಡೆ ಒಡೆದು ನುಗ್ಗುವ ಆನೆ, ಘೇಂಡಾಮೃಗಗಳು. ಕೆಲವು ಗ್ರಾಫಿಕ್ಸ್ ಈಗ ಆಟಿಕೆಯ ಹಾಗೆ ಕಾಣುತ್ತವೆ, ಮಕ್ಕಳಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಸೊಳ್ಳೆ, ಜೇಡ, ಬೇಟೆಗಾರ ಪುಕ್ಕಲು ಮಕ್ಕಳಿಗೆ ಹೆದರಿಕೆ ತರಬಹುದು. ಏಳು ವರ್ಷದವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ.

ಜತೂರಾವನ್ನು ಬಹಳ ಜನ ನೋಡಿಲ್ಲ. ಐರನ್ ಮ್ಯಾನ್ ಮಾಡುವ ಮುಂಚೆ ಜಾನ್ ಫ್ಯಾವ್ರೋ ಮಾಡಿದ್ದು. ಜಗಳಗಂಟ ಅಣ್ಣತಮ್ಮ ಒಂದು ತಗಡಿನ ಆಟದ ಕೀಲಿ ತಿರುಗಿಸಿ ಕೆಂಪು ಗುಂಡಿ ಒತ್ತುತ್ತಾರೆ, ಒಂದು ಕಾರ್ಡ್ ಹೊರಬರುತ್ತದೆ, ಬಾಗಿಲು ತೆರೆದು ನೋಡಿದರೆ ಮನೆ ಬಾಹ್ಯಾಕಾಶದಲ್ಲಿ ತೇಲುತ್ತಿದೆ. ಆ ಹುಡುಗರ ಅಕ್ಕ ಐದು ಸರದಿ ಮುಗಿಯುವವರೆಗೆ ಮಂಜುಗಡ್ಡೆಯಂತೆ ಸೆಟೆದು ನಿಲ್ಲುತ್ತಾಳೆ. "ನೀನು ಮೋಸ ಮಾಡಿದೆ" ಅನ್ನೋ ಜಗಳವೇ ಕಥೆಯ ಬೆನ್ನೆಲುಬು. ಲೂಡೋ ಆಡಿ ಕಿತ್ತಾಡಿದ ಮಕ್ಕಳಿಗೆ ಇದಕ್ಕಿಂತ ಕನ್ನಡಿ ಬೇಕಾ?

2017ರ ಹೊಸ ಜುಮಾಂಜಿಯನ್ನು ನಾನು ಪಟ್ಟಿಯಿಂದ ಹೊರಗಿಟ್ಟಿದ್ದೇನೆ. 96 ಕೋಟಿ ಡಾಲರ್ ಬಾಚಿದ ಸಿನಿಮಾ, ನಗಿಸುತ್ತದೆ, ನಿಜ. ಆದರೆ ಅದರಲ್ಲಿ ಆಟ ವಿಡಿಯೋ ಗೇಮ್ ಆಗಿಬಿಟ್ಟಿದೆ. ಕೆಲವು ಜೋಕು ಚಿಕ್ಕವರ ಎದುರು ಮುಜುಗರ ತರುತ್ತವೆ.

ಈಗ ಕೇಳಿದವರಿಗೆ ಉತ್ತರ. ಪಕ್ಕದ ಮನೆಯವರಿಗೆ ಜತೂರಾ. ಹನ್ನೊಂದರವಳಿಗೆ ಅದು ಸಾಲದು ಅನಿಸಿದರೆ ಮುಂದಿನ ವಾರ ಜುಮಾಂಜಿ. ಹಾಸ್ಟೆಲ್ ಹುಡುಗನಿಗೆ ಡಂಜನ್ಸ್, ಎಂಟರಲ್ಲಿ ಆರು ಜನ ಹೆದರೋಕೆ ತಯಾರಿದ್ದರೆ ವೀಜಾ, ಯಾರಿಗೂ ತಲೆ ಓಡಿಸುವ ಮೂಡ್ ಇಲ್ಲದಿದ್ದರೆ ಬ್ಯಾಟಲ್‌ಶಿಪ್. ಅಕ್ಕನಿಗೆ ಕ್ಲೂ ಹೇಳಿದೆ. ಜೊತೆಗೆ ಒಂದು ಉಪಾಯವನ್ನೂ ಹೇಳಿಕೊಟ್ಟೆ. ವಾಡ್ಸ್‌ವರ್ತ್ ಓಡಾಡಿ ಮುಗಿಸಿ ಇನ್ನೇನು ಕೊಲೆಗಾರನ ಹೆಸರು ಹೇಳಬೇಕು ಅನ್ನುವಾಗ ನಿಲ್ಲಿಸಿ, ಮೂವರಿಗೂ ಒಂದೊಂದು ಚೀಟಿ ಕೊಟ್ಟು ಹೆಸರು ಬರೆಸು ಅಂತ. ಅಪ್ಪ ಆಗಲೇ ಕೇಳುತ್ತಿದ್ದಾರಂತೆ, ಮೂರು ಕ್ಲೈಮ್ಯಾಕ್ಸ್ ಅಂದಮೇಲೆ ಮೂರು ಹೆಸರು ಬರೆಯಬಹುದಾ ಅಂತ.